ನಾವೇ ಮೇಸ್ತ್ರಿಗಳಾದಾಗ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ನಡೆದ ಒಂದು ದಿನದ ತರಬೇತಿಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣ)



ಬಳ್ಳಾರಿ ನಗರದ ಓಣಿಗಳಿಂದ, ಸಿರುಗುಪ್ಪ ಮತ್ತು ಕುರುಗೋಡು ಕಡೆಯ ಹಳ್ಳಿಗಳಿಂದ ನಸುಕಿನಲ್ಲೇ ಎದ್ದು, ಮನೆಗೆಲಸ ಮುಗಿಸಿ, ಬಸ್ಸು ಹಿಡಿದು ನೀವೆಲ್ಲ ಬಂದಿದ್ದೀರಿ. ಒಂದು ದಿನದ ಕೂಲಿ ಬಿಟ್ಟು ತರಬೇತಿಗೆ ಬರುವುದು ಎಂದರೆ ಏನು ಎಂಬುದು ನನಗೆ ಗೊತ್ತು. ಆದ್ದರಿಂದ ನಿಮ್ಮ ಸಮಯ ಹಾಳಾಗದಂತೆ ಮಾತಾಡಲು ಪ್ರಯತ್ನಿಸುತ್ತೇನೆ.

ನನಗೆ ಕೊಟ್ಟಿರುವ ವಿಷಯ ನಾಯಕತ್ವ. ಬೆಳಿಗ್ಗೆ ಚಹಾ ಕುಡಿಯುವಾಗ ಒಬ್ಬ ಅಕ್ಕ ನನ್ನನ್ನು ಕೇಳಿದರು: “ಸಿಸ್ಟರ್, ನಾಯಕತ್ವ ಅಂದ್ರ ಎಲೆಕ್ಷನ್ ವಿಚಾರ ಏನ್ರಿ?” ಅಲ್ಲಮ್ಮ, ಎಲೆಕ್ಷನ್ ಅಲ್ಲ. ನಾಲ್ಕು ಜನ ಕೂಡಿ ಕೆಲಸ ಮಾಡುವಾಗ ಆ ನಾಲ್ಕು ಜನರನ್ನು ಹೇಗೆ ನೋಡಿಕೊಳ್ಳಬೇಕು, ಹಾಗೆ ನೋಡಿಕೊಂಡರೆ ಕೆಲಸ ಹೇಗೆ ಚೆನ್ನಾಗಿ ನಡೆಯುತ್ತದೆ ಎಂಬುದೇ ಇವತ್ತಿನ ವಿಷಯ.

ನಮ್ಮ ಸಂಘಗಳು ಎಲ್ಲಿಂದ ಬಂದವು ಎಂದು ಒಮ್ಮೆ ನೆನೆಸಿಕೊಳ್ಳೋಣ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಣ್ಣ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000ನೇ ಇಸವಿಯಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಹತ್ತರಿಂದ ಇಪ್ಪತ್ತು ಮಂದಿ ಕೂಡಿ ವಾರ ವಾರ ಸಭೆ, ಉಳಿತಾಯ, ಸಾಲ, ಮರುಪಾವತಿ, ಪುಸ್ತಕ ಬರೆಯುವುದು, ಇವನ್ನೆಲ್ಲ ಕಲಿತೆವು. ಬ್ಯಾಂಕಿನ ಬಾಗಿಲಲ್ಲಿ ನಿಲ್ಲಲು ಹೆದರುತ್ತಿದ್ದವರು ಮ್ಯಾನೇಜರ್ ಮುಂದೆ ಕುರ್ಚಿ ಎಳೆದುಕೊಂಡು ಕೂತು ಮಾತಾಡುವಂತಾದರು. ಇದು ಸಣ್ಣ ಮಾತಲ್ಲ.

ಈಗ ಅನೇಕ ಸಂಘಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಬಳ್ಳಾರಿಯಲ್ಲಿ ಕೆಲವರು ಜೀನ್ಸ್ ಪ್ಯಾಂಟಿನ ಕೆಲಸವನ್ನು ಪೀಸ್ ಲೆಕ್ಕದಲ್ಲಿ ಮನೆಗೆ ತಂದು, ದಾರ ಕತ್ತರಿಸುವುದು, ಗುಂಡಿ ಹಾಕುವುದು, ಮಡಚುವುದು ಮಾಡುತ್ತಾರೆ. ಸಿರುಗುಪ್ಪ ಕಡೆ ಹದಿನೈದು ಮಂದಿ ಕೂಡಿ ಎಕರೆಗೆ ಇಷ್ಟು ಎಂದು ಮಾತಾಡಿ ನೆಲ್ಲು ನಾಟಿಯ ಗುತ್ತಿಗೆ ಹಿಡಿಯುತ್ತಾರೆ. ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವ, ತೊಟ್ಟು ತೆಗೆಯುವ ಕೆಲಸ. ಕೆಲವು ಕಡೆ ಜೋಳದ ರೊಟ್ಟಿ ಮಾಡಿ ಮಾರುವ ಸಂಘಗಳೂ ಇವೆ.

ಮೊದಲು ನಾವು ಮೇಸ್ತ್ರಿಯ ಕೈಕೆಳಗೆ ದುಡಿಯುತ್ತಿದ್ದೆವು. ಮೇಸ್ತ್ರಿ ಬೈದರೆ ತಲೆ ತಗ್ಗಿಸಿ ಕೇಳುತ್ತಿದ್ದೆವು. ಈಗ ಆರ್ಡರ್ ಹಿಡಿಯುವವರು ನಾವೇ, ಕೆಲಸ ಹಂಚುವವರು ನಾವೇ, ಹಣ ಪಾಲು ಮಾಡುವವರೂ ನಾವೇ. ಅಂದರೆ ನಾವೇ ಮೇಸ್ತ್ರಿಗಳಾಗಿದ್ದೇವೆ. ಹಾಗಾದರೆ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡ್ರಿ. ನಮ್ಮ ಮೇಸ್ತ್ರಿ ನಮಗೆ ಮಾಡಿದ್ದನ್ನೇ ನಾವು ನಮ್ಮ ಅಕ್ಕ ತಂಗಿಯರಿಗೆ ಮಾಡುತ್ತಿದ್ದೇವೆಯೇ? ಅವನ ಬಾಯಿಂದ ಕೇಳಿದ ಮಾತು ಈಗ ನಮ್ಮ ಬಾಯಿಂದ ಬರುತ್ತಿದೆಯೇ?

ನಾನು ಮಾಡಿದ ತಪ್ಪು

ನಿಮ್ಮನ್ನು ಕೇಳುವ ಮೊದಲು ನನ್ನದನ್ನು ಹೇಳಬೇಕು. ಬಹಳ ವರ್ಷದ ಹಿಂದೆ ನಾನು ಒಂದು ಹೊಲಿಗೆ ಕೇಂದ್ರದ ಜವಾಬ್ದಾರಿ ನೋಡಿಕೊಳ್ಳುತ್ತಿದ್ದೆ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿ ಬಂದಿದ್ದೆ, ಎಲ್ಲ ಗೊತ್ತು ಎಂಬ ಭಾವನೆ ಇತ್ತು. ಶಿಸ್ತು ಬರಲಿ ಎಂದು ಒಂದು ರಿಜಿಸ್ಟರ್ ಇಟ್ಟೆ. ಹತ್ತು ನಿಮಿಷ ತಡವಾದರೆ ದಂಡ. ಶನಿವಾರ ಎಲ್ಲರ ಮುಂದೆ ಹೆಸರು ಓದುತ್ತಿದ್ದೆ.

ಒಬ್ಬ ಹೆಣ್ಣುಮಗಳು ಪ್ರತಿ ವಾರ ಒಂದು ದಿನ ತಪ್ಪದೆ ತಡವಾಗಿ ಬರುತ್ತಿದ್ದಳು. ಒಳ್ಳೆಯ ಕೆಲಸಗಾರ್ತಿ, ಅವಳು ಹಾಕಿದ ಹೊಲಿಗೆ ಬಿಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೂ ಪ್ರತಿ ವಾರ ಹೆಸರು ಓದಿದೆ, ದಂಡ ಹಾಕಿದೆ. ಅವಳು ಏನೂ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಬರುವುದನ್ನೇ ಬಿಟ್ಟಳು. ನಾನು ಅವಳ ಮನೆ ಹುಡುಕಿಕೊಂಡು ಹೋದೆ. ಹೋದ ದಿನ ಓಣಿಯಲ್ಲೆಲ್ಲ ಕೊಡ, ಡ್ರಮ್ಮು, ಬಕೀಟು. ಅಲ್ಲಿ ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇಬ್ಬರು ಸಣ್ಣ ಮಕ್ಕಳು. ಅವಳು ನೀರು ಹಿಡಿಯದಿದ್ದರೆ ವಾರವಿಡೀ ಆ ಮನೆಗೆ ನೀರಿಲ್ಲ.

“ನನಗೆ ಯಾಕ ಹೇಳಲಿಲ್ಲವ್ವ?” ಅಂತ ಕೇಳಿದೆ. “ನೀವು ಕೇಳಲಿಲ್ಲಲ್ರಿ ಸಿಸ್ಟರ್” ಅಂದಳು.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ತಡವನ್ನು ಬರೆದುಕೊಂಡೆ, ತಡ ಯಾಕೆ ಆಯಿತು ಎಂದು ಬರೆದುಕೊಳ್ಳಲಿಲ್ಲ. ದಂಡದಿಂದ ಬಂದದ್ದು ಕೆಲವೇ ರೂಪಾಯಿ, ಹೋದದ್ದು ಕೇಂದ್ರದ ಒಳ್ಳೆಯ ಕೆಲಸಗಾರ್ತಿ. ಮುಂದೆ ಎಲ್ಲರೂ ಕೂತು ಮಾತಾಡಿ ಒಂದು ನಿಯಮ ಮಾಡಿದೆವು. ನೀರು ಬರುವ ದಿನ ಆ ಓಣಿಯವರು ಒಂದು ತಾಸು ತಡವಾಗಿ ಬಂದು ಸಂಜೆ ಒಂದು ತಾಸು ಹೆಚ್ಚು ಕೂರಬಹುದು. ದಂಡ ತೆಗೆದುಹಾಕಿದೆವು. ಆಮೇಲೆ ತಡ ಎಂಬ ಜಗಳವೇ ಬರಲಿಲ್ಲ. ಆದರೆ ಆ ಹೆಣ್ಣುಮಗಳು ತಿರುಗಿ ಬರಲಿಲ್ಲ.

ಆ ದಿನದಿಂದ ನಾನು ಕಲಿತ ಆರು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇನೆ.

1. ಬೈಯುವ ಮೊದಲು ಕೇಳಿ

ಯಾರಾದರೂ ತಡವಾಗಿ ಬಂದರೆ, ಕೆಲಸ ಕೆಡಿಸಿದರೆ, ಸುಮ್ಮನೆ ಮೂಲೆಯಲ್ಲಿ ಕೂತರೆ, ಮೊದಲು “ಏನಾತವ್ವ?” ಎಂದು ಕೇಳಿ. ಎಲ್ಲರ ಮುಂದೆ ಅಲ್ಲ, ಪಕ್ಕಕ್ಕೆ ಕರೆದು ಕೇಳಿ. ರಾತ್ರಿ ಗಂಡ ಕುಡಿದು ಹೊಡೆದಿರಬಹುದು, ಮಗುವಿಗೆ ಜ್ವರ ಇರಬಹುದು, ಮುಟ್ಟಿನ ನೋವು ಇರಬಹುದು. ಅದನ್ನು ಸಭೆಯಲ್ಲಿ ಹೇಳು ಎಂದರೆ ಯಾರು ಹೇಳುತ್ತಾರೆ? ಹಾಗೆ ಕೇಳಿ ತಿಳಿದದ್ದನ್ನು ಇನ್ನೊಬ್ಬರ ಹತ್ತಿರ ಆಡಬಾರದು. ಒಮ್ಮೆ ಆ ಮಾತು ಓಣಿಗೆ ಹೋಯಿತೆಂದರೆ ಮುಂದೆ ನಿಮ್ಮ ಹತ್ತಿರ ಯಾರೂ ಬಾಯಿ ಬಿಡುವುದಿಲ್ಲ.

ಕೇಳಿದ ಮೇಲೂ ತಪ್ಪು ಅವರದೇ ಎಂದು ಕಂಡರೆ ಹೇಳಲೇಬೇಕು. ಮೆತ್ತಗಿರುವುದು ಎಂದರೆ ಏನೂ ಹೇಳದೆ ಬಿಡುವುದಲ್ಲ. “ಈ ಹತ್ತು ಪೀಸ್ ವಾಪಸ್ ಬಂದಾವ, ನಾಳೆ ನಾವಿಬ್ಬರೂ ಕೂಡಿ ಸರಿ ಮಾಡೋಣು” ಎಂದು ಹೇಳಬಹುದು. ತಪ್ಪನ್ನು ಬೈಯಿರಿ, ಅವಳ ಹುಟ್ಟು, ಮನೆತನ, ಮೈಬಣ್ಣ ಎತ್ತಬೇಡಿ.

2. ಲೆಕ್ಕ ಎಲ್ಲರ ಮುಂದೆ ಇರಲಿ

ಕೂಡಿ ದುಡಿಯುವ ಗುಂಪುಗಳು ಒಡೆಯುವುದು ಹೆಚ್ಚಾಗಿ ಹಣ ಕಡಿಮೆಯಾಯಿತು ಎಂದಲ್ಲ, ಲೆಕ್ಕ ಗೊತ್ತಾಗಲಿಲ್ಲ ಎಂದು. ಒಂದು ಉದಾಹರಣೆ ನೋಡೋಣ. ಒಂದು ಆರ್ಡರಿಗೆ 6,000 ರೂಪಾಯಿ ಬಂತು ಅಂದುಕೊಳ್ಳಿ. ಆಟೋ ಬಾಡಿಗೆ 500. ಉಳಿದದ್ದು 5,500. ಹನ್ನೊಂದು ಮಂದಿ ಸಮನಾಗಿ ದುಡಿದರೆ ತಲೆಗೆ 500. ಪ್ರತಿನಿಧಿ ಓಡಾಡಿದ್ದಕ್ಕೆ ಹಣ ತೆಗೆದುಕೊಳ್ಳಬಾರದೇ? ತೆಗೆದುಕೊಳ್ಳಲಿ, ತಪ್ಪಲ್ಲ. ಆದರೆ ಅದು ಎಷ್ಟು ಎಂದು ಆರ್ಡರ್ ಹಿಡಿಯುವ ಮೊದಲೇ ಸಭೆಯಲ್ಲಿ ತೀರ್ಮಾನವಾಗಿ ಪುಸ್ತಕದಲ್ಲಿ ಬರೆದಿರಬೇಕು. ಬರೆಯದೆ ತೆಗೆದುಕೊಂಡರೆ ನೂರು ರೂಪಾಯಿಯೂ ಕಳ್ಳತನದ ಹಾಗೆ ಕಾಣುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದಷ್ಟು ಇಟ್ಟು ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದ ತಾಯಿ ಅವಳು. ಬಡತನದಲ್ಲಿದ್ದ ಒಬ್ಬ ಹೆಣ್ಣುಮಗಳು ಎಂಟು ನೂರು ವರ್ಷಗಳ ಹಿಂದೆಯೇ ಕೈ ಶುದ್ಧವಾಗಿ ಇಟ್ಟುಕೊಂಡಳು. ನಮಗೂ ಸಾಧ್ಯ.

ಓದಲು ಬಾರದವರಿಗೆ ಲೆಕ್ಕವನ್ನು ಓದಿ ಹೇಳಿ. ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುಂಚೆ ಹೇಳಿ, ಆಮೇಲೆ ಅಲ್ಲ.

3. ನೀರು, ನೆರಳು, ವಿಶ್ರಾಂತಿ

ಇದು ಬಹಳ ಮುಖ್ಯ, ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮ ಹೆಣ್ಣುಮಕ್ಕಳು ಕೆಲಸಕ್ಕೆ ಹೋದ ಕಡೆ ನೀರು ಕುಡಿಯುವುದಿಲ್ಲ. ಯಾಕೆ? ಕುಡಿದರೆ ಮೂತ್ರಕ್ಕೆ ಹೋಗಬೇಕಲ್ಲ, ಎಲ್ಲಿ ಹೋಗುವುದು? ಗದ್ದೆಯಲ್ಲಿ ಮರೆ ಇಲ್ಲ, ಯೂನಿಟ್ಟಿನಲ್ಲಿ ಇರುವ ಒಂದು ಶೌಚಾಲಯಕ್ಕೆ ಚಿಲಕ ಇಲ್ಲ. ಹೀಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಂಡು ಕೂತರೆ ಉರಿಮೂತ್ರ, ಕಿಬ್ಬೊಟ್ಟೆ ನೋವು, ಜ್ವರ ಬರುತ್ತದೆ. ಮೇಲೆ ನಮ್ಮ ಬಳ್ಳಾರಿಯ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ತಲೆ ತಿರುಗಿ ಬಿದ್ದವರನ್ನು ನೀವೂ ನೋಡಿದ್ದೀರಿ.

2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಅದರಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು ಎಂದು ಬರೆದಿತ್ತು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರ ಜೊತೆ ಬಂದಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು ಎಂದಿತ್ತು. ಸರಕಾರಿ ಕೆಲಸಕ್ಕೆ ಬೇಕೆಂದು ನಾವು ಹಟ ಮಾಡಿ ಕೇಳಿದ್ದನ್ನು ನಮ್ಮ ಸಂಘದ ಕೆಲಸದಲ್ಲಿ ನಾವೇ ಯಾಕೆ ಮಾಡಬಾರದು?

ಹೀಗೆ ಮಾಡಿ ನೋಡಿ. ನಾಟಿಯ ಗುತ್ತಿಗೆ ಮಾತಾಡುವಾಗಲೇ ರೈತರಿಗೆ ಕುಡಿಯುವ ನೀರಿನ ವಿಚಾರ ಹೇಳಿಬಿಡಿ. ಹೋಗುವಾಗ ನಾಲ್ಕು ಗೂಟ, ಒಂದು ಹಳೆ ಸೀರೆ ಒಯ್ಯಿರಿ, ಮರೆ ಮಾಡಿಕೊಳ್ಳಬಹುದು. ಬೇಗ ಶುರು ಮಾಡಿ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ ನೆರಳಿಗೆ ಬನ್ನಿ. ನಾಟಿಯಲ್ಲಿ ಇಡೀ ದಿನ ಬಗ್ಗಿದವರ ಸೊಂಟ ಹೋಗುತ್ತದೆ. ಸಸಿ ಕೀಳುವವರು, ಹೊರುವವರು, ನೆಡುವವರು ನಡುನಡುವೆ ಬದಲಾಗಲಿ. ಮೆಣಸಿನಕಾಯಿ ಬಿಡಿಸುವವರು ಕೈಗೆ ಎಣ್ಣೆ ಹಚ್ಚಿಕೊಂಡು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ಘಾಟು ಹೊರಗೆ ಹೋಗುವಂತೆ ಗಾಳಿಯಾಡುವ ಕಡೆ ಕೂರಲಿ. ಜೀನ್ಸ್ ಕೆಲಸದವರು ಬೆಳಕಿರುವ ಕಡೆ ಕೂತು, ಆಗಾಗ ಎದ್ದು ಬೆನ್ನು ನೇರ ಮಾಡಲಿ.

ಬಿಸಿಲಿನಿಂದ ಸುಸ್ತಾದವರಿಗೆ ಕೊಡುವ ನೀರು ಮನೆಯಲ್ಲೇ ಮಾಡಬಹುದು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ತಪ್ಪಬಾರದು. ಆದರೆ ಒಬ್ಬರು ತೊದಲಿದರೆ, ಎಚ್ಚರ ತಪ್ಪಿದರೆ, ಬಾಯಿಗೆ ನೀರು ಹಾಕಬೇಡಿ. ನೆರಳಿಗೆ ತಂದು ಮೈಗೆ ತಣ್ಣೀರು ಸುರಿಯುತ್ತಾ, ಬಟ್ಟೆಯಿಂದ ಗಾಳಿ ಹಾಕುತ್ತಾ, ತಡಮಾಡದೆ 108ಕ್ಕೆ ಫೋನ್ ಮಾಡಿ.

“ಸಿಸ್ಟರ್, ಹಿಂಗ ಕೂತರ ಕೆಲಸ ಯಾವಾಗ ಆಗತೈತ್ರಿ?” ಎಂದು ಕೇಳುತ್ತೀರಿ. ಕುರುಗೋಡಿನ ದೊಡ್ಡಬಸವೇಶ್ವರನ ತೇರು ನೋಡಿದ್ದೀರಲ್ಲ? ಹಗ್ಗ ಹಿಡಿದು ಎಳೆಯುವವರು ಎಷ್ಟೋ ಜನ. ಆದರೆ ಗಾಲಿಯ ಹತ್ತಿರ ಸನ್ನೆ ಹಾಕುವವರು ಇರುತ್ತಾರೆ. ಅವರು ನಿಲ್ಲಿಸಬೇಕಾದ ಕಡೆ ನಿಲ್ಲಿಸುವುದರಿಂದಲೇ ತೇರು ಸುರಕ್ಷಿತವಾಗಿ ತಿರುಗಿ ಬರುತ್ತದೆ. ದಣಿದ ಕೈ ಗುಂಡಿಯನ್ನು ತಪ್ಪು ಜಾಗಕ್ಕೆ ಹಾಕುತ್ತದೆ. ಆ ಪೀಸ್ ವಾಪಸ್ ಬರುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಹತ್ತು ನಿಮಿಷ ಕೂತದ್ದು ಹೆಚ್ಚೋ, ಎರಡು ತಾಸು ಬಿಚ್ಚಿದ್ದು ಹೆಚ್ಚೋ, ನೀವೇ ಲೆಕ್ಕ ಹಾಕಿ.

4. ಎಲ್ಲವನ್ನೂ ಒಬ್ಬರೇ ಹೊರಬೇಡಿ

ಬೈಬಲಿನಲ್ಲಿ ಮೋಶೆಯ ಕಥೆ ಇದೆ. ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಅದನ್ನು ನೋಡಿದ ಅವನ ಮಾವ, ಹೀಗೆ ಮಾಡಿದರೆ ನೀನೂ ಸವೆಯುತ್ತೀ, ಜನರೂ ಬೇಸತ್ತು ಹೋಗುತ್ತಾರೆ ಎಂದು ಬುದ್ಧಿ ಹೇಳಿದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಮುಖಂಡರನ್ನು ಇಟ್ಟು ಕೆಲಸ ಹಂಚು ಎಂದ. ಮೋಶೆ ಹಾಗೇ ಮಾಡಿದ.

ನಮ್ಮ ಕಾಲದ್ದೇ ಒಂದು ಮಾತು ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಸಿರುಗುಪ್ಪ ಕಡೆಯವರಿಗೆ ನಿದ್ದೆ ಇರಲಿಲ್ಲ. ತುಂಬಿದ ನೀರೆಲ್ಲ ಹೋದರೆ ನೆಲ್ಲು ಎಲ್ಲಿ, ಕೂಲಿ ಎಲ್ಲಿ? ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದರು. ತಿಳಿದವರು ಒಬ್ಬರು ದಾರಿ ತೋರಿಸಿದರು ನಿಜ. ಆದರೆ ಕ್ರೇನ್ ನಡೆಸಿದವರು, ಉಕ್ಕು ಕತ್ತರಿಸಿದವರು, ಬೆಸುಗೆ ಹಾಕಿದವರು ತಮ್ಮ ತಮ್ಮ ಕೆಲಸ ತಿಳಿದಿದ್ದರಿಂದ ಅದು ಆಯಿತು.

ನಮ್ಮ ಕೆಲವು ಸಂಘಗಳಲ್ಲಿ ಎಷ್ಟೋ ವರ್ಷದಿಂದ ಒಬ್ಬರೇ ಪ್ರತಿನಿಧಿ. ಪುಸ್ತಕ ಅವರ ಮನೆಯಲ್ಲಿ, ಮಾಲೀಕರ ಫೋನ್ ನಂಬರು ಅವರ ಹತ್ತಿರ, ಬ್ಯಾಂಕಿಗೆ ಹೋಗುವವರೂ ಅವರೇ. ಅವರಿಗೆ ಹುಷಾರಿಲ್ಲದಿದ್ದರೆ ಸಂಘಕ್ಕೇ ಹುಷಾರಿಲ್ಲ. ಮಾಲು ತರುವುದು ಒಬ್ಬರು, ಪೀಸ್ ಎಣಿಸುವುದು ಇನ್ನೊಬ್ಬರು, ಪುಸ್ತಕ ಬರೆಯುವುದು ಮತ್ತೊಬ್ಬರು ಆಗಲಿ. ಪ್ರತಿನಿಧಿ ಸರದಿಯಂತೆ ಬದಲಾಗಲಿ. ಹೊಸಬರು ಮೊದಲು ತಪ್ಪು ಮಾಡುತ್ತಾರೆ, ಮಾಡಲಿ. ನಾವೂ ಹಾಗೇ ಕಲಿತದ್ದು.

5. ಕೆಲಸ ಕಡಿಮೆಯಾದಾಗ ಯಾರನ್ನು ಬಿಡುತ್ತೇವೆ?

ಗುಂಪಿನ ನಿಜವಾದ ಪರೀಕ್ಷೆ ಆಗುವುದು ಕೆಲಸ ಕಡಿಮೆಯಾದಾಗ. ಕಾಲುವೆಗೆ ಎರಡನೇ ಬೆಳೆಯ ನೀರು ಬರದ ವರ್ಷ ನಾಟಿ ಇಲ್ಲ. ಮಾರುಕಟ್ಟೆ ಬಿದ್ದರೆ ಜೀನ್ಸ್ ಆರ್ಡರ್ ಇಲ್ಲ. ಹದಿನೈದು ಮಂದಿಯ ಜಾಗಕ್ಕೆ ಎಂಟು ಮಂದಿ ಸಾಕು ಎನ್ನುತ್ತಾರೆ. ಆಗ ಯಾರ ಹೆಸರು ಮೊದಲು ಹೋಗುತ್ತದೆ? ವಯಸ್ಸಾದವರದು, ಬಾಣಂತಿಯದು, ಗಟ್ಟಿಯಾಗಿ ಮಾತಾಡಲು ಬಾರದವರದು, ದಲಿತ ಓಣಿಯವರದು. ಪ್ರತಿನಿಧಿಯ ಅಕ್ಕ, ನಾದಿನಿ ಮಾತ್ರ ಉಳಿಯುತ್ತಾರೆ.

ಇದಕ್ಕೆ ದಾರಿ ಸರದಿ. ಇವತ್ತು ಎಂಟು ಮಂದಿ, ನಾಳೆ ಉಳಿದ ಏಳು ಮಂದಿಯ ಜೊತೆ ಇವರಲ್ಲಿ ಒಬ್ಬರು. ಎಲ್ಲರಿಗೂ ಸ್ವಲ್ಪ ಕಡಿಮೆ ಸಿಗುತ್ತದೆ, ಆದರೆ ಯಾರ ಒಲೆಯೂ ಪೂರ್ತಿ ಆರುವುದಿಲ್ಲ. ಮುಂದಿನ ವರ್ಷ ನೀರು ಬಂದಾಗ ಹದಿನೈದು ಮಂದಿಯೂ ನಿಮ್ಮ ಜೊತೆ ಇರುತ್ತಾರೆ. ಕೈಬಿಟ್ಟವರು ಬೇರೆ ಗುಂಪಿಗೆ ಹೋಗಿಬಿಟ್ಟರೆ ಆಗ ದೊಡ್ಡ ಗುತ್ತಿಗೆ ಹಿಡಿಯಲು ಜನ ಎಲ್ಲಿಂದ ತರುತ್ತೀರಿ?

ಇನ್ನೊಂದು ಮಾತು. ಕುಡಿಯುವ ನೀರಿನ ಕೊಡ ಒಂದೇ ಇರಲಿ, ಲೋಟವೂ ಒಂದೇ ತರಹದ್ದಿರಲಿ. ಒಂದೇ ಮಣ್ಣಿನಲ್ಲಿ ಕಾಲಿಟ್ಟು ನೆಟ್ಟವರು ಕುಡಿಯುವಾಗ ಬೇರೆ ಬೇರೆ ಎಂದರೆ ದೇವರು ಮೆಚ್ಚುತ್ತಾನೆಯೇ?

6. ಭಯವಿಲ್ಲದ ಜಾಗ ಮಾಡಿ

1911ರ ಮಾರ್ಚ್ 25ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಒಂದು ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿತ್ತು. 146 ಮಂದಿ ಸತ್ತರು, ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಹೊರಗೆ ಓಡಲು ಇದ್ದ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸದವರು ಬಟ್ಟೆ ಕದಿಯುತ್ತಾರೆ, ನಡುವೆ ಎದ್ದು ಹೋಗುತ್ತಾರೆ ಎಂಬ ಸಂಶಯಕ್ಕೆ ಹಾಕಿದ ಬೀಗ ಅದು. ಸಂಶಯ ಇಟ್ಟುಕೊಂಡು ಕೆಲಸ ತೆಗೆಯುವವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಎಂದು ನೋಡಿ. ನಮ್ಮಲ್ಲಿ ಯಾರು ಮನೆಯ ಕೋಣೆಯಲ್ಲಿ ಬಟ್ಟೆ ರಾಶಿ ಹಾಕಿಕೊಂಡು ಕೆಲಸ ಮಾಡುತ್ತೀರೋ, ಬಾಗಿಲಿನ ದಾರಿ ಖಾಲಿ ಇಡಿ. ಒಲೆ, ದೀಪ ದೂರ ಇಡಿ.

ಭಯ ಇನ್ನೊಂದು ರೀತಿಯದೂ ಇದೆ. ಯೂನಿಟ್ಟಿನಲ್ಲಿ, ಹೊಲದಲ್ಲಿ, ಮಾಲು ತರಲು ಹೋದ ಕಡೆ ಗಂಡಸರು ಕೆಟ್ಟದಾಗಿ ಮಾತಾಡುತ್ತಾರೆ, ಮೈಮುಟ್ಟುತ್ತಾರೆ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಸುಮ್ಮನಿರುತ್ತೇವೆ. 2013ರಲ್ಲಿ ಇದಕ್ಕಾಗಿಯೇ ಕಾನೂನು ಬಂದಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ದೂರು ಸಮಿತಿ ಇರಬೇಕು. ಅದಕ್ಕಿಂತ ಸಣ್ಣ ಜಾಗದವರು, ದೂರು ಮಾಲೀಕರ ಮೇಲೆಯೇ ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ನಂಬರುಗಳನ್ನು ನಿಮ್ಮ ಸಭೆಯ ಗೋಡೆಯ ಮೇಲೆ ಬರೆಯಿರಿ. ಒಬ್ಬ ಹುಡುಗಿ ಬಂದು ಇಂಥ ಮಾತು ಹೇಳಿದರೆ “ನೀನೇನು ಮಾಡಿದಿ?” ಎಂದು ಕೇಳಬೇಡಿ. ಅವಳ ಜೊತೆ ಇಬ್ಬರು ಹೋಗಿ ನಿಲ್ಲಿ.

ಕೊನೆಯ ಮಾತು

ಯೇಸುಸ್ವಾಮಿ ತಮ್ಮ ಕೊನೆಯ ರಾತ್ರಿ ಊಟದ ನಡುವೆ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು. ಆ ಕಾಲದಲ್ಲಿ ಅದು ಆಳುಗಳ ಕೆಲಸ. ಪೇತ್ರನಿಗೆ ನಾಚಿಕೆಯಾಗಿ ಬೇಡ ಎಂದ. ಗುರುವೇ ಹೀಗೆ ಮಾಡಿದ ಮೇಲೆ ನೀವೂ ಒಬ್ಬರಿಗೊಬ್ಬರು ಹೀಗೇ ಮಾಡಬೇಕು ಎಂದು ಅವರು ತಿಳಿಸಿಕೊಟ್ಟರು. ನೀವು ಯಾವ ಧರ್ಮದವರೇ ಆಗಿರಿ, ಗದ್ದೆಯಿಂದ ಬಂದ ಕಾಲಿನ ಕೆಸರು ನಿಮಗೆ ಗೊತ್ತು. ಆ ಕೆಸರು ಕಾಲಿನ ಮುಂದೆ ಬಗ್ಗಿದವರೇ ದೊಡ್ಡವರು.

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಬೇಕು. ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿಸಿಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ:

1. ಈ ವಾರ ಕೆಲಸದಲ್ಲಿ ಯಾರಿಗೆ ಏನು ತೊಂದರೆಯಾಯಿತು?
2. ಬಂದ ಹಣದ ಲೆಕ್ಕ ಎಲ್ಲರಿಗೂ ತಿಳಿಯಿತೇ?
3. ಈ ವಾರ ಬಾರದವರು ಯಾರು, ಅವರ ಮನೆಗೆ ಹೋಗಿ ಬರುವವರು ಯಾರು?

ಮೊದಲ ದಿನ ಯಾರೂ ಬಾಯಿ ಬಿಡದಿರಬಹುದು. ಬೇಸರ ಮಾಡಿಕೊಳ್ಳಬೇಡಿ, ಎರಡನೇ ವಾರವೂ ಕೇಳಿ, ಮೂರನೇ ವಾರವೂ ಕೇಳಿ. ನಾನು ಕೇಳದೆ ಹೋದದ್ದರಿಂದ ಒಬ್ಬಳನ್ನು ಕಳೆದುಕೊಂಡೆ. ನೀವು ಯಾರನ್ನೂ ಕಳೆದುಕೊಳ್ಳಬಾರದು ಎಂಬುದೇ ನನ್ನ ಆಸೆ.

ಊಟ ತಯಾರಾಗಿದೆ, ದೂರದ ಊರಿನವರು ಮೊದಲು ಕೂರಲಿ, ಬಸ್ಸು ತಪ್ಪಬಾರದು. ದೇವರು ನಿಮ್ಮನ್ನೂ ನಿಮ್ಮ ಮನೆಮಂದಿಯನ್ನೂ ಆಶೀರ್ವದಿಸಲಿ.